ಮಂಡಿ ಆಪರೇಷನ್ ಜತೆಗೆ ಚಿಪ್ಪಿಗೂ ಬಿಲ್ಲೆ ಹಾಕಿಸಬೇಕಾ?

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ, 60 ಕೆ.ಜಿ. ತೂಕ. ಎರಡೂ ಮಂಡಿ ಸವೆದಿದೆ, ಬಲಗಡೆಯದು ಜಾಸ್ತಿ. ಮಾತ್ರೆ, ಇಂಜೆಕ್ಷನ್, ಫಿಸಿಯೋಥೆರಪಿ ಎಲ್ಲ ಆಯಿತು. ಈಗ ಬಲಮಂಡಿ ಬದಲಿಸೋಣ ಅಂತ ತೀರ್ಮಾನ ಮಾಡಿದ್ದೇವೆ. ಹಾಸನದಲ್ಲಿ ತೋರಿಸಿದ ಡಾಕ್ಟರು ‘ಚಿಪ್ಪನ್ನು ಹಾಗೇ ಬಿಡ್ತೀನಿ, ಅದರ ತಂಟೆಗೆ ಹೋಗೋದು ಬೇಡ’ ಅಂದರು. ಬೆಂಗಳೂರಿನಲ್ಲಿ ಇನ್ನೊಬ್ಬರು ‘ಚಿಪ್ಪಿಗೂ ಪ್ಲಾಸ್ಟಿಕ್ ಹಾಕಲೇಬೇಕು, ಇಲ್ಲದಿದ್ದರೆ ಅರ್ಧ ಆಪರೇಷನ್ ಮಾಡಿದ ಹಾಗೆ’ ಅಂದರು. ಇಬ್ಬರೂ ಹೆಸರು ಮಾಡಿದವರೇ. ಯಾರ ಮಾತು ಕೇಳೋದು? ಅಮ್ಮನಿಗೆ ಇದ್ಯಾವುದೂ ಬೇಕಿಲ್ಲ. ‘ಆಮೇಲೆ ಬಾಗಿಲಿಗೆ ರಂಗೋಲಿ ಹಾಕೋಕೆ ಆಗುತ್ತಾ ಕೇಳು’ ಅನ್ನುತ್ತಾರೆ. ಎಕ್ಸ್‌ರೇ ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಗಾಬರಿ ಕಡಿಮೆ ಮಾಡುತ್ತೇನೆ. ಇಬ್ಬರು ಡಾಕ್ಟರುಗಳಲ್ಲಿ ಯಾರೂ ನಿಮಗೆ ಸುಳ್ಳು ಹೇಳಿಲ್ಲ. ಮೂಳೆ ಡಾಕ್ಟರುಗಳು ಸುಮಾರು ಐವತ್ತು ವರ್ಷದಿಂದ ಜಗಳ ಆಡುತ್ತಲೇ ಇರುವ ವಿಷಯ ಇದು. ‘ಹಾಕಲೇಬೇಕು’, ‘ಅರ್ಧ ಆಪರೇಷನ್’ ಅಂತೆಲ್ಲ ಹೇಳುವುದು ಮಾತ್ರ ನನಗೆ ಜಾಸ್ತಿ ಅನ್ನಿಸಿತು. ‘ತಂಟೆಗೆ ಹೋಗೋದು ಬೇಡ’ ಅನ್ನುವುದೂ ಅಷ್ಟೇ. ತಾಯಿಯ ಚಿಪ್ಪನ್ನು ಅಳೆದು ನೋಡದೆ ಇಬ್ಬರೂ ಅಷ್ಟು ಖಡಾಖಂಡಿತವಾಗಿ ಹೇಳುವ ಹಾಗಿರಲಿಲ್ಲ.

ಒಳಗೆ ಏನು ಮಾಡುತ್ತಾರೆ ಅಂತ ಒಂದು ಸಲ ಹೇಳಿಬಿಡುತ್ತೇನೆ. ಮಂಡಿ ಬದಲಿಸುವುದು ಅಂದರೆ ಇಡೀ ಮಂಡಿ ಕಿತ್ತು ಹೊಸದು ಇಡುವುದಲ್ಲ. ತೊಡೆ ಮೂಳೆಯ ಕೆಳತುದಿಯನ್ನು ತೆಳ್ಳಗೆ ಕೊಯ್ದು ಅದಕ್ಕೆ ಲೋಹದ ಟೋಪಿ ಹಾಕುತ್ತೇವೆ. ಕೆಳಗಿನ ಮೂಳೆಯ ತಲೆಯನ್ನು ಸಮ ಮಾಡಿ ಲೋಹದ ತಟ್ಟೆ ಕೂರಿಸುತ್ತೇವೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಪದರ. ಇಷ್ಟು ಎಲ್ಲರಿಗೂ ಮಾಡಲೇಬೇಕು. ಉಳಿಯುವುದು ಮುಂದಿನ ಚಿಪ್ಪು. ಅದರ ಒಳಮೈಯನ್ನು ಎಂಟೊಂಬತ್ತು ಮಿಲಿಮೀಟರ್ ಕೊಯ್ದು, ಮೂರು ಸಣ್ಣ ತೂತು ಕೊರೆದು, ಅಂಗಿ ಗುಂಡಿಗಿಂತ ದಪ್ಪನೆಯ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ಸಿಮೆಂಟ್ ಹಾಕಿ ಅಂಟಿಸಬಹುದು. ಇದನ್ನೇ ರಿಸರ್ಫೇಸಿಂಗ್ ಅನ್ನುತ್ತಾರೆ. ಚಿಪ್ಪು ನಿಮ್ಮದೇ ಇರುತ್ತದೆ, ಅದರ ಒಳಮೈ ಮಾತ್ರ ಬದಲಾಗುತ್ತದೆ. ಎಷ್ಟೋ ಜನ ‘ಚಿಪ್ಪನ್ನೇ ತೆಗೆದುಬಿಡ್ತಾರಂತೆ’ ಅಂತ ಹೆದರಿಕೊಂಡು ಬರುತ್ತಾರೆ. ಹಾಗಲ್ಲ.

ಈ ಚಿಪ್ಪಿಗೆ ಯಾಕಿಷ್ಟು ಚರ್ಚೆ? ಮೈಯಲ್ಲಿ ಎಲ್ಲಕ್ಕಿಂತ ದಪ್ಪ ಮೃದ್ವಸ್ಥಿ, ಅಂದರೆ ಮೂಳೆಯ ಮೇಲಿನ ನುಣುಪಾದ ಮೆತ್ತೆ, ಇರುವುದು ಅದರ ಒಳಮೈಗೆ. ಅಷ್ಟು ದಪ್ಪ ಇರಬೇಕಾದ ಕಾರಣವೂ ಇದೆ. ಸಮನೆಲದಲ್ಲಿ ನಡೆಯುವಾಗ ಚಿಪ್ಪಿನ ಮೇಲೆ ಬೀಳುವ ಒತ್ತಡ ನಮ್ಮ ತೂಕದ ಅರ್ಧದಷ್ಟು. ಮೆಟ್ಟಿಲು ಹತ್ತಿಳಿಯುವಾಗ ಸುಮಾರು ಮೂರು ಪಟ್ಟು. ಕುಕ್ಕರಗಾಲಲ್ಲಿ ಕೂತರೆ ಏಳೆಂಟು ಪಟ್ಟು. ನಿಮ್ಮ ತಾಯಿ ಪ್ರತಿ ಸಲ ಹಾಗೆ ಕೂತಾಗಲೂ ನಾಲ್ಕು ಕ್ವಿಂಟಾಲಿಗಿಂತ ಜಾಸ್ತಿ ಭಾರ ಆ ಪುಟ್ಟ ಚಿಪ್ಪಿನ ಮೇಲೆ. ಮೆಟ್ಟಿಲು ಇಳಿಯುವಾಗ, ಕುರ್ಚಿಯಿಂದ ಏಳುವಾಗ ಮಂಡಿಯ ಮುಂದೆ ನೋವು ಬರುವುದು ಇದರಿಂದಲೇ.

ಮಂಡಿ ಬದಲಿಸುವುದು ಶುರುವಾದ ಕಾಲದಲ್ಲಿ ಚಿಪ್ಪಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಪರೇಷನ್ ಆದ ಮೇಲೂ ಮುಂಭಾಗ ನೋಯುತ್ತದೆ ಅಂತ ಜನ ವಾಪಸ್ ಬರತೊಡಗಿದರು. 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಇನ್ಸಾಲ್, ರಾಣಾವತ್ ಮತ್ತು ಎಂಜಿನಿಯರ್ ವಾಕರ್ ಸೇರಿ ‘ಟೋಟಲ್ ಕಾಂಡೈಲರ್’ ಅನ್ನುವ ಮಂಡಿ ತಂದರು. ಅದರಲ್ಲಿ ಚಿಪ್ಪಿಗೂ ಗುಮ್ಮಟದಂಥ ಒಂದು ಬಿಲ್ಲೆ ಇತ್ತು. ಇವತ್ತು ಹಾಕುವ ಮಂಡಿಗಳೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳು, ಮೊಮ್ಮಕ್ಕಳು. ಅಂದ ಹಾಗೆ, ಆ ಚಿತ್ತರಂಜನ್ ರಾಣಾವತ್ ನಮ್ಮ ಮಧ್ಯಪ್ರದೇಶದ ಕಡೆಯವರು. ವಾಜಪೇಯಿಯವರು ಪ್ರಧಾನಿ ಆಗಿದ್ದಾಗ 2000ದ ಅಕ್ಟೋಬರಿನಲ್ಲಿ ಒಂದು ಮಂಡಿ, 2001ರ ಜೂನಿನಲ್ಲಿ ಇನ್ನೊಂದು ಮಂಡಿಯನ್ನು ಮುಂಬೈಯಲ್ಲಿ ಬದಲಿಸಿದವರು ಇವರೇ. ಮಂಡಿ ಬದಲಿಸಬಹುದು ಅನ್ನುವುದು ನಮ್ಮ ಎಷ್ಟೋ ಹಳ್ಳಿಗಳಿಗೆ ಗೊತ್ತಾಗಿದ್ದು ಆಗಲೇ.

ಹಾಗಾದರೆ ಬಿಲ್ಲೆ ಹಾಕಿದ ಮೇಲೆ ಸಮಸ್ಯೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ, ಹೊಸ ತೊಂದರೆ ಶುರುವಾಯಿತು. ಕೊಯ್ದು ತೆಳ್ಳಗಾದ ಚಿಪ್ಪು ಕೆಲವರಲ್ಲಿ ಸೀಳಿತು. ಕೆಲವರಲ್ಲಿ ಬಿಲ್ಲೆ ಸಡಿಲವಾಯಿತು. 1980ರ ದಶಕದಲ್ಲಿ ಬಿಲ್ಲೆಯ ಬೆನ್ನಿಗೆ ಲೋಹದ ತಗಡು ಕೊಟ್ಟು ನೋಡಿದರು. ಮೇಲಿನ ತೆಳು ಪ್ಲಾಸ್ಟಿಕ್ ಸವೆದು ಲೋಹಕ್ಕೆ ಲೋಹ ಉಜ್ಜಿ ಎಷ್ಟೋ ಮಂಡಿ ಕೆಟ್ಟವು. ಆ ಪೆಟ್ಟು ತಿಂದ ಡಾಕ್ಟರುಗಳು ‘ಚಿಪ್ಪನ್ನು ಮುಟ್ಟಬೇಡಿ’ ಅಂತ ತಮ್ಮ ಶಿಷ್ಯರಿಗೆ ಕಲಿಸಿದರು. ಪೆಟ್ಟು ತಿನ್ನದವರು ‘ಹಾಕಿ’ ಅಂತ ಕಲಿಸಿದರು. ಹಾಸನಕ್ಕೂ ಬೆಂಗಳೂರಿಗೂ ಉತ್ತರ ಬೇರೆ ಬರುವುದಕ್ಕೆ ಅರ್ಧ ಕಾರಣ ಯಾರು ಯಾರ ಹತ್ತಿರ ಕಲಿತರು ಅನ್ನುವುದೇ.

ಇದು ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂಡಿಗಳಲ್ಲಿ ಬಿಲ್ಲೆ ಹಾಕುತ್ತಾರೆ. ಸ್ವೀಡನ್ನಿನಲ್ಲಿ ನೂರಕ್ಕೆ ಐದಕ್ಕೂ ಹಾಕುವುದಿಲ್ಲ. ಪಕ್ಕದ ಡೆನ್ಮಾರ್ಕಿನಲ್ಲಿ ಬಹುಪಾಲು ಜನಕ್ಕೆ ಹಾಕುತ್ತಾರೆ. ಎರಡೂ ದೇಶದ ನಡುವೆ ಒಂದು ಸೇತುವೆ ಅಷ್ಟೇ, ಕಾರಿನಲ್ಲಿ ದಾಟಬಹುದು. ಆಚೆ ದಡಕ್ಕೆ ಹೋದರೆ ನಿಮ್ಮ ಚಿಪ್ಪಿನ ಹಣೆಬರಹವೇ ಬೇರೆ. ಮಂಡಿ ಅದೇ, ಕಂಪನಿ ಅದೇ, ಎರಡೂ ಕಡೆ ಜನ ಆರಾಮಾಗಿ ನಡೆದಾಡಿಕೊಂಡಿದ್ದಾರೆ. ಚಿಪ್ಪಿನ ಬಿಲ್ಲೆ ಪ್ರಾಣ ಹೋಗುವ ವಿಷಯ ಆಗಿದ್ದರೆ ಇಷ್ಟು ಹೊತ್ತಿಗೆ ಯಾವುದೋ ಒಂದು ದೇಶ ತನ್ನ ಪದ್ಧತಿ ಬಿಡುತ್ತಿತ್ತು.

ಇನ್ನು ಅಧ್ಯಯನಗಳು. ಇಂಗ್ಲೆಂಡಿನ ಸ್ಟಾನ್‌ಮೋರಿನಿಂದ 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬಿಲ್ಲೆ ಹಾಕದವರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮಂಡಿಯ ಮುಂಭಾಗ ನೋವು, ಹಾಕಿದವರಲ್ಲಿ 5 ಮಂದಿಗೆ. ಇಷ್ಟನ್ನೇ ಓದಿದರೆ ಬೆಂಗಳೂರಿನವರು ಗೆದ್ದರು. ಆದರೆ ಆಪರೇಷನ್ ಆದವರನ್ನು ಹತ್ತು ವರ್ಷದ ತನಕ ಗಮನಿಸಿ ನೋಡಿದ ಬೇರೆ ಅಧ್ಯಯನಗಳಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ದೊಡ್ಡದು ಅಂದರೆ ಬ್ರಿಟನ್ನಿನಲ್ಲಿ 1999ರಲ್ಲಿ ಶುರುವಾದ ಕ್ಯಾಟ್ ಅನ್ನುವ ಪ್ರಯೋಗ. ಅದರಲ್ಲಿ 1,715 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಿಲ್ಲೆ, ಇನ್ನೊಂದಕ್ಕೆ ಇಲ್ಲ. ಸುಮಾರು ಹತ್ತು ವರ್ಷ ಆದ ಮೇಲೆ ನೋವು, ಓಡಾಟ ಎಲ್ಲ ಅಳೆದರೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಆದರೂ ಖರ್ಚಿನ ಲೆಕ್ಕದಲ್ಲಿ ಬಿಲ್ಲೆ ಹಾಕುವುದೇ ಮೇಲು ಅಂತ ಬಂತು. 2020ರ ಜೂನಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಡಾಕ್ಟರುಗಳಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಬದಲಿಸಿಕೊಳ್ಳುವವರಿಗೆ ಚಿಪ್ಪಿಗೂ ಬಿಲ್ಲೆ ಹಾಕಿ ಅಂತಲೇ ಬರೆಯಿತು. ಬಿಲ್ಲೆ ಹಾಕದವರಲ್ಲಿ ‘ಈಗಲಾದರೂ ಹಾಕಿ’ ಅಂತ ಮತ್ತೆ ಆಪರೇಷನ್ ಟೇಬಲ್ಲಿಗೆ ಬರುವವರು ಜಾಸ್ತಿ ಇರುವುದು ಇದರ ಹಿಂದಿರುವ ದೊಡ್ಡ ಕಾರಣ.

ಈ ಕಾರಣದ ಹತ್ತಿರ ಸ್ವಲ್ಪ ನಿಲ್ಲಬೇಕು. ನನ್ನ ಇಡೀ ಉತ್ತರದ ತಿರುಳು ಇಲ್ಲೇ ಇದೆ.

ಮಂಡಿ ಬದಲಿಸಿಕೊಂಡವರು ಒಂದು ವರ್ಷ ಬಿಟ್ಟು ‘ಡಾಕ್ಟ್ರೇ, ಮುಂದೆ ನೋಯ್ತಿದೆ’ ಅಂತ ಬಂದರು ಅನ್ನಿ. ಚಿಪ್ಪಿಗೆ ಬಿಲ್ಲೆ ಇದ್ದರೆ ಡಾಕ್ಟರಿಗೆ ಮಾಡಲು ಸುಲಭದ್ದೇನೂ ಇರುವುದಿಲ್ಲ. ವ್ಯಾಯಾಮ ಮಾಡಿ, ಕಾದು ನೋಡೋಣ ಅನ್ನುತ್ತಾರೆ. ಬಿಲ್ಲೆ ಇಲ್ಲದಿದ್ದರೆ ‘ಓ, ಚಿಪ್ಪು ಬಿಟ್ಟಿದ್ದೆವಲ್ಲ, ಅದಕ್ಕೇ ಇರಬೇಕು, ಹಾಕಿಬಿಡೋಣ’ ಅನ್ನುವುದು ಬಾಯಿಗೆ ಬಂದುಬಿಡುತ್ತದೆ. ನೋವು ಇಬ್ಬರಿಗೂ ಒಂದೇ ಇರಬಹುದು. ಆದರೆ ಲೆಕ್ಕದ ಪುಸ್ತಕದಲ್ಲಿ ಒಬ್ಬರದು ಮಾತ್ರ ಎರಡನೇ ಆಪರೇಷನ್ ಅಂತ ಬರೆಯಲ್ಪಡುತ್ತದೆ. ಹಾಗೆ ಎರಡನೇ ಸಲ ಬಿಲ್ಲೆ ಹಾಕಿಸಿಕೊಂಡವರಲ್ಲಿ ಸಮಾಧಾನ ಆಯಿತು ಅನ್ನುವವರು ಸುಮಾರು ಮೂರರಲ್ಲಿ ಇಬ್ಬರು. ಮೂರನೆಯವರ ನೋವು ಎಲ್ಲಿಂದ ಬರುತ್ತಿತ್ತು?

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಕಲಿತದ್ದು ‘ಚಿಪ್ಪು ಬಿಡು’ ಅನ್ನುವ ಗುರುಗಳ ಹತ್ತಿರ. ಹಲವು ವರ್ಷ ಹಾಗೇ ಮಾಡಿದೆ. ನಾನು ಆಪರೇಷನ್ ಮಾಡಿದ ಒಬ್ಬ ನಿವೃತ್ತ ಮೇಷ್ಟರು ಎಂಟು ತಿಂಗಳಿಗೆ ವಾಪಸ್ ಬಂದರು. ‘ಬಸ್ ಹತ್ತೋಕೆ ಆಗುತ್ತೆ, ಇಳಿಯೋಕೆ ಆಗಲ್ಲ’ ಅಂದರು. ಎಕ್ಸ್‌ರೇ ಚೆನ್ನಾಗಿತ್ತು. ನನಗೂ ಬಿಲ್ಲೆ ಹಾಕಿಬಿಡೋಣ ಅನ್ನಿಸಿತು, ದಿನ ಕೂಡ ಗೊತ್ತು ಮಾಡಿದ್ದೆ. ಯಾಕೋ ಮನಸ್ಸು ಒಪ್ಪದೆ ಸಿಟಿ ಸ್ಕ್ಯಾನ್ ಮಾಡಿಸಿದೆ. ತೊಡೆ ಮೂಳೆಗೆ ನಾನು ಹಾಕಿದ್ದ ಲೋಹದ ಟೋಪಿ ಒಳಗಡೆಗೆ ತುಸು ತಿರುಗಿ ಕೂತಿತ್ತು. ಆರೇಳು ಡಿಗ್ರಿ ಅಷ್ಟೇ. ಬರಿಗಣ್ಣಿಗೆ ಏನೂ ಅಲ್ಲ. ಆದರೆ ಚಿಪ್ಪು ತಾನು ಮೇಲೆ ಕೆಳಗೆ ಜಾರುವ ಜಾಡು, ಅಂದರೆ ತನ್ನ ಹಳಿ ಬಿಟ್ಟು ಪ್ರತಿ ಹೆಜ್ಜೆಗೂ ಹೊರಗಡೆಗೆ ಎಳೆದಾಡುತ್ತಿತ್ತು.

ಬಾವಿಯ ರಾಟೆ ನೋಡಿದ್ದೀರಲ್ಲ, ಅದೇ ಲೆಕ್ಕ. ರಾಟೆ ಓರೆಯಾಗಿ ಕಟ್ಟಿದ್ದರೆ ಹಗ್ಗ ಜಾಡಿನಿಂದ ಜಾರಿ ಪಕ್ಕಕ್ಕೆ ಉಜ್ಜುತ್ತದೆ. ಹಗ್ಗ ಬದಲಿಸಿದರೆ ಹೊಸ ಹಗ್ಗವೂ ಉಜ್ಜುತ್ತದೆ. ಮೇಷ್ಟರ ಮಂಡಿಯಲ್ಲಿ ತಪ್ಪಿದ್ದದ್ದು ರಾಟೆ. ಬಿಲ್ಲೆ ಹಾಕಿದ್ದರೆ ಹಗ್ಗ ಬದಲಿಸಿದ ಹಾಗಾಗುತ್ತಿತ್ತು. ಅವರಿಗೆ ವಿಷಯ ಹೇಳಿ, ತಪ್ಪು ನನ್ನದೇ ಅಂತ ಒಪ್ಪಿಕೊಂಡು, ಟೋಪಿಯನ್ನೇ ಮತ್ತೆ ಕೂರಿಸಿದೆ. ಅದು ದೊಡ್ಡ ಆಪರೇಷನ್. ಮೇಷ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆವತ್ತಿನಿಂದ ಆಪರೇಷನ್ ಥಿಯೇಟರಿನಲ್ಲಿ ನಾನು ಜಾಸ್ತಿ ಹೊತ್ತು ಕಳೆಯುವುದು ಈ ಹಳಿ ನೋಡುವುದಕ್ಕೆ. ತಾತ್ಕಾಲಿಕ ಭಾಗಗಳನ್ನು ಇಟ್ಟು ಮಂಡಿಯನ್ನು ಪೂರ್ತಿ ಮಡಚಿ, ಪೂರ್ತಿ ಚಾಚಿ ನೋಡುತ್ತೇವೆ. ಚಿಪ್ಪಿನ ಮೇಲೆ ಹೆಬ್ಬೆರಳು ಇಡಬಾರದು. ಬೆರಳಿನ ಆಸರೆ ಇಲ್ಲದೆ ಚಿಪ್ಪು ತಾನಾಗೇ ಜಾಡಿನಲ್ಲಿ ಮೇಲೆ ಕೆಳಗೆ ಹೋಗಬೇಕು. ಹೊರಗಡೆಗೆ ಎದ್ದರೆ, ವಾಲಿದರೆ, ಎಲ್ಲೋ ಏನೋ ಸರಿ ಇಲ್ಲ. ಇದಕ್ಕೆ ‘ನೋ ಥಂಬ್’ ಪರೀಕ್ಷೆ ಅನ್ನುತ್ತಾರೆ. ಇದರಲ್ಲಿ ಪಾಸಾದ ಮಂಡಿಗೆ ಬಿಲ್ಲೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ಬಹುಪಾಲು ನಡೆಯುತ್ತದೆ.

ಆಮೇಲೆ ಚಿಪ್ಪನ್ನು ದೋಸೆ ಮಗುಚಿದ ಹಾಗೆ ಮಗುಚಿ ಒಳಮೈ ನೋಡುತ್ತೇನೆ. ಮೃದ್ವಸ್ಥಿ ಬೆಳ್ಳಗೆ, ನುಣ್ಣಗೆ ಇದೆಯಾ, ನಾರು ನಾರಾಗಿ ಎದ್ದಿದೆಯಾ, ಬೋಳು ಮೂಳೆ ಹೊಳೆಯುತ್ತಿದೆಯಾ? ಬೆರಳಾಡಿಸಿದರೆ ಗೊತ್ತಾಗುತ್ತದೆ. ಕ್ಯಾಲಿಪರ್ ಇಟ್ಟು ದಪ್ಪ ಅಳೆಯುತ್ತೇನೆ. ಗಂಡಸರಲ್ಲಿ ಸಾಮಾನ್ಯವಾಗಿ 24, 25 ಮಿಲಿಮೀಟರ್, ಹೆಂಗಸರಲ್ಲಿ 22ರ ಆಸುಪಾಸು. ನಮ್ಮ ಕಡೆಯ ಸಣ್ಣ ಮೈಕಟ್ಟಿನ ಅಮ್ಮಂದಿರಲ್ಲಿ 20ಕ್ಕಿಂತ ಕಡಿಮೆ ಕಂಡರೆ ಆಶ್ಚರ್ಯ ಇಲ್ಲ. ಬಿಲ್ಲೆಗೆ ಜಾಗ ಮಾಡಿದ ಮೇಲೂ ಕನಿಷ್ಠ 12 ಮಿಲಿಮೀಟರ್ ಮೂಳೆ ಉಳಿಯಬೇಕು. ಲೆಕ್ಕ ಹಾಕಿ. 22 ಇದ್ದರೆ 9 ಕೊಯ್ದರೂ 13 ಉಳಿಯಿತು, ಸರಿ. 18 ಇದ್ದರೆ 9 ಉಳಿಯುತ್ತದೆ. ಅಷ್ಟು ತೆಳ್ಳಗಿನ ಚಿಪ್ಪು, ಅದರ ಮೇಲೆ ನಾಲ್ಕು ಕ್ವಿಂಟಾಲ್ ಭಾರ, ಒಂದು ದಿನ ಬಚ್ಚಲಲ್ಲಿ ಕಾಲು ಜಾರಿದರೆ ಮುಗಿಯಿತು. ಕಡಿಮೆ ಕೊಯ್ಯೋಣ ಅಂದರೆ ಬಿಲ್ಲೆ ಸೇರಿ ಚಿಪ್ಪು ಮೊದಲಿಗಿಂತ ದಪ್ಪ ಆಗುತ್ತದೆ, ಮಂಡಿ ಬಿಗಿಯುತ್ತದೆ, ಮಡಚಲು ಬರುವುದಿಲ್ಲ.

ಬಿಲ್ಲೆ ಹಾಕಿದ ಚಿಪ್ಪು ಮುರಿಯುವುದು ಅಪರೂಪ. ಆದರೆ ಮುರಿದು ಎರಡು ಹೋಳಾಗಿ ಬೇರೆ ಬೇರೆ ಸರಿದರೆ ಅದರಷ್ಟು ಕಷ್ಟದ ಸಮಸ್ಯೆ ನಮ್ಮ ಕಸುಬಿನಲ್ಲಿ ಕಡಿಮೆ. ಕಾಲು ಎತ್ತಲು ಆಗುವುದಿಲ್ಲ. ತಂತಿ ಕಟ್ಟಿದರೂ ಆ ತೆಳು ಮೂಳೆ ಕೂಡಿಕೊಳ್ಳುವುದು ಅನುಮಾನ. ಚಿಪ್ಪು ಬಿಟ್ಟದ್ದಕ್ಕೆ ಮುಂಭಾಗ ನೋವು ಬಂದರೆ ಆಮೇಲೆ ಬಿಲ್ಲೆ ಹಾಕಬಹುದು. ಕೊಯ್ದ ಮೂಳೆಯನ್ನು ಮತ್ತೆ ಬೆಳೆಸಲು ಆಗುವುದಿಲ್ಲ. ಹಾಸನದ ಡಾಕ್ಟರ ಮನಸ್ಸಿನಲ್ಲಿ ಇದೇ ಇದ್ದಿರಬೇಕು, ಬಿಡಿಸಿ ಹೇಳಿಲ್ಲ ಅಷ್ಟೇ.

ಬಿಲ್ಲೆ ಹಾಕದೆ ಬಿಟ್ಟರೆ ಚಿಪ್ಪನ್ನು ಸುಮ್ನೆ ಬಿಡುವುದಿಲ್ಲ. ಅಂಚಿನ ಮುಳ್ಳುಮೂಳೆ ಕತ್ತರಿಸಿ, ಒಳಮೈ ನಯ ಮಾಡಿ, ಸುತ್ತ ವಿದ್ಯುತ್ ಪೆನ್ನಿನಿಂದ ಸುಟ್ಟು ನೋವಿನ ನರದ ಎಳೆಗಳನ್ನು ಕಡಿಮೆ ಮಾಡುತ್ತಾರೆ. ಸುಡುವುದರಿಂದ ಎಷ್ಟು ಕಾಲ ಲಾಭ ಅನ್ನುವುದರಲ್ಲಿ ಒಮ್ಮತ ಇಲ್ಲ. ಮುಳ್ಳುಮೂಳೆ ತೆಗೆಯುವುದು ಮಾತ್ರ ಬಿಡಬಾರದ ಕೆಲಸ.

ಹಾಗಾದರೆ ನಾನು ಏನು ಮಾಡುತ್ತೇನೆ? ಈಗ ಹಾಕುವುದೇ ಜಾಸ್ತಿ. ರುಮಟಾಯ್ಡ್ ಸಂಧಿವಾತ ಇದ್ದರೆ ಯೋಚನೆ ಮಾಡದೆ ಹಾಕುತ್ತೇನೆ. ಒಳಮೈ ಬೋಳಾಗಿ ಮೂಳೆ ಕಾಣುತ್ತಿದ್ದರೂ, ದಪ್ಪ ಸಾಕಷ್ಟು ಇದ್ದರೆ ಹಾಕುತ್ತೇನೆ. ಚಿಪ್ಪು ತೆಳ್ಳಗಿದ್ದರೆ, ಇಲ್ಲವೇ ಮೃದ್ವಸ್ಥಿ ಚೆನ್ನಾಗಿದ್ದು ಹಳಿಯೂ ಸರಿಯಾಗಿದ್ದರೆ ಬಿಡುತ್ತೇನೆ. ‘ಅಮ್ಮನಿಗೆ ಈಗಲೇ ಮುಂಭಾಗ ನೋವಿದೆ, ಹಾಗಾಗಿ ಹಾಕಲೇಬೇಕಲ್ಲ’ ಅಂತ ನೀವು ಕೇಳಬಹುದು. ವಿಚಿತ್ರ ಏನಂದರೆ, ಮುಂಚೆ ಇದ್ದ ಮುಂಭಾಗದ ನೋವು ಆಮೇಲೆ ಉಳಿಯುತ್ತದೋ ಹೋಗುತ್ತದೋ ಅಂತ ಹೇಳಲು ಅಷ್ಟಾಗಿ ಸಹಾಯ ಮಾಡುವುದಿಲ್ಲ.

ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ‘ಪ್ಲಾಸ್ಟಿಕ್ ಹಾಕೋದು ಬಿಲ್ ಏರಿಸೋಕೆ’ ಅನ್ನುವ ಮಾತು ಆಗಾಗ ಕೇಳುತ್ತೇನೆ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಭಾಗಗಳಿಗೆ ಮಿತಿ ಹಾಕಿತು. ಸಾಮಾನ್ಯ ಲೋಹದ ಮಂಡಿ ಸೆಟ್ಟಿಗೆ ತೆರಿಗೆ ಬಿಟ್ಟು 54,720 ರೂಪಾಯಿ. ಅದರಲ್ಲಿ ಚಿಪ್ಪಿನ ಬಿಲ್ಲೆಯ ಪಾಲು 4,090. ಆಗಿನ ದರ ಇದು, ಈಗಿನದು ಆಸ್ಪತ್ರೆಯಲ್ಲಿ ಕೇಳಿ. ಇಡೀ ಖರ್ಚಿನಲ್ಲಿ ಬಿಲ್ಲೆ ಎಷ್ಟು ಸಣ್ಣ ತುಂಡು ಅನ್ನುವುದಂತೂ ಇದರಲ್ಲೇ ಗೊತ್ತಾಗುತ್ತದೆ. ಆಪರೇಷನ್ ಹೊತ್ತೂ ಹತ್ತು ನಿಮಿಷ ಹೆಚ್ಚಾದರೆ ಹೆಚ್ಚು. ಹಾಕಿದರೆ ಬಿಲ್ಲಿನಲ್ಲಿ ಅದರ ಸಾಲು ಬೇರೆ ಇರಬೇಕು, ಅದರ ಸ್ಟಿಕ್ಕರ್ ಡಿಸ್ಚಾರ್ಜ್ ಹಾಳೆಯಲ್ಲಿ ಅಂಟಿಸಿರಬೇಕು. ಹಾಕದೆ ಇದ್ದರೆ ಆ ಸಾಲು ಇರಬಾರದು. ನೋಡಿಕೊಳ್ಳಿ.

ಈಗ ನೀವು ಕಳಿಸಿದ ಎಕ್ಸ್‌ರೇ. ಎದುರಿನಿಂದ ಒಂದು, ಪಕ್ಕದಿಂದ ಒಂದು ಇದೆ. ಮಂಡಿ ಸವೆದಿರುವುದರಲ್ಲಿ ಅನುಮಾನ ಇಲ್ಲ. ಆದರೆ ಚಿಪ್ಪನ್ನು ಸರಿಯಾಗಿ ತೋರಿಸುವ ಎಕ್ಸ್‌ರೇ ಇದರಲ್ಲಿ ಇಲ್ಲವೇ ಇಲ್ಲ. ಮಂಡಿ ಮಡಚಿಸಿ, ಚಿಪ್ಪು ಮತ್ತು ಅದರ ಜಾಡಿನ ನಡುವೆ ನೋಡುವ ಹಾಗೆ ತೆಗೆಯುವ ಎಕ್ಸ್‌ರೇ ಒಂದಿದೆ, ಸ್ಕೈಲೈನ್ ಅನ್ನುತ್ತಾರೆ. ಅದರಲ್ಲಿ ಚಿಪ್ಪು ಹೊರಗೆ ವಾಲಿದೆಯಾ, ಎಷ್ಟು ಸವೆದಿದೆ, ಹೆಚ್ಚುಕಡಿಮೆ ಎಷ್ಟು ದಪ್ಪ ಎಲ್ಲ ಕಾಣುತ್ತದೆ. ಹಾಸನದಲ್ಲೇ ತೆಗೆಸಿ. ಅದನ್ನು ಹಿಡಿದುಕೊಂಡು ಇಬ್ಬರಲ್ಲಿ ನಿಮಗೆ ನಂಬಿಕೆ ಬಂದವರ ಹತ್ತಿರ ಹೋಗಿ. ಬಿಲ್ಲೆ ಹಾಕುತ್ತಾರಾ ಇಲ್ಲವಾ ಅಂತ ನೋಡಿ ಡಾಕ್ಟರನ್ನು ಆರಿಸಬೇಡಿ. ಊರಿಗೆ ಹತ್ತಿರ ಇರುವವರು, ವರ್ಷಕ್ಕೆ ಸಾಕಷ್ಟು ಮಂಡಿ ಮಾಡುವವರು, ಆಮೇಲೆ ನೋವು ಅಂತ ಹೋದಾಗ ಕೂರಿಸಿ ಮಾತಾಡುವವರು ಆದರೆ ಸಾಕು. ‘ಚಿಪ್ಪು ಎಷ್ಟು ದಪ್ಪ ಇದ್ದರೆ ಹಾಕುತ್ತೀರಿ, ಎಷ್ಟಿದ್ದರೆ ಬಿಡುತ್ತೀರಿ’ ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಇದಕ್ಕೆ ಮಿಲಿಮೀಟರಿನಲ್ಲಿ ಉತ್ತರ ಕೊಟ್ಟವರು ಒಳಗೆ ಅಳೆದು ನೋಡುವವರು.

ಅಷ್ಟರಲ್ಲಿ ಅಮ್ಮನಿಗೆ ಒಂದು ಕೆಲಸ ಕೊಡಿ. ಮಂಚದ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಗೆ ಒತ್ತಬೇಕು. ಹತ್ತು ಎಣಿಸುವ ತನಕ ಹಿಡಿದು ಬಿಡಬೇಕು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಇಲ್ಲದಿದ್ದರೆ ಬಿಲ್ಲೆ ಹಾಕಿದ ಮಂಡಿಯೂ ಮೆಟ್ಟಿಲ ಮೇಲೆ ನೋಯುತ್ತದೆ.

ರಂಗೋಲಿ ವಿಷಯ. ಬಿಲ್ಲೆ ಹಾಕಿದರೂ ಹಾಕದಿದ್ದರೂ ಕುಕ್ಕರಗಾಲಲ್ಲಿ ಕೂರುವುದು ಬೇಡ ಅಂತಲೇ ಹೇಳುತ್ತೇನೆ. ನಿಂತು ಸೊಂಟ ಬಗ್ಗಿಸಿ ಚುಕ್ಕಿ ಇಡುವುದಕ್ಕೆ ನನ್ನ ಅಡ್ಡಿ ಇಲ್ಲ, ಪಕ್ಕದಲ್ಲಿ ಹಿಡಿದುಕೊಳ್ಳಲು ಬಾಗಿಲ ಚೌಕಟ್ಟು ಇರಲಿ. ಆಪರೇಷನ್ ಆಗಿ ಮೂರು ತಿಂಗಳ ಮೇಲೆ ಶುರು ಮಾಡಲಿ. ನೀರು ಹಾಕಿದ ಅಂಗಳ ಜಾರುತ್ತದೆ, ಅದನ್ನು ಮಾತ್ರ ನೀವೇ ತೊಳೆದುಕೊಡಿ.